ನಮ್ಮೂರಿನ ಬೀಟ್ ಪೊಲೀಸ್ ಸರ್ವಿಸ್: ಎರಡು ಮಳೆಗಾಲ ನೋಡಿ ಬರೆದದ್ದು

ಬೀಟ್ ಪೊಲೀಸ್ ಅಂದ್ರೆ ಒಂದು ಭಾಗವನ್ನ ಸುತ್ತಿ ನೋಡ್ಕೊಳ್ಳುವ ಪೊಲೀಸರು, ಅವ್ರ ಬಗ್ಗೆ ಬರೆದ ರಿವ್ಯೂ ಇದು, ಆದ್ರೆ ಊರಿನ ಹೆಸರು ಹಾಕುದಿಲ್ಲ. ಯಾಕಂದ್ರೆ ಇದ್ರಲ್ಲಿ ಎಷ್ಟು ಮನೆ ಖಾಲಿ ಉಂಟು, ಕ್ಯಾಮರಾ ಯಾವಾಗ ಕೆಲಸ ಮಾಡುದಿಲ್ಲ ಅಂತೆಲ್ಲ ಬರ್ತದೆ, ಅದ್ರ ಜೊತೆ ಹೆಸರೂ ಹಾಕಿದ್ರೆ ಕಳ್ಳನಿಗೆ ದಾರಿ ಬರೆದು ಕೊಟ್ಟ ಹಾಗೆ ಆಗ್ತದೆ. ಉಡುಪಿ ಪೇಟೆಯಿಂದ ಸರ್ವಿಸ್ ಬಸ್ಸಲ್ಲಿ ಮುಕ್ಕಾಲು ಗಂಟೆ ಒಳಗೆ, ಅಷ್ಟು ಗೊತ್ತಾದ್ರೆ ಸಾಕು. ನಮ್ಮ ಬೈಲಲ್ಲಿ ಮೂವತ್ತೆಂಟು ಮನೆ, ಅದ್ರಲ್ಲಿ ಹನ್ನೊಂದಕ್ಕೆ ವರ್ಷದಲ್ಲಿ ಹತ್ತು ತಿಂಗಳು ಬೀಗ, ಮನೆಯವ್ರು ಮುಂಬೈ, ಪುಣೆ, ದುಬೈ, ಬೆಹರಿನ್ ಅಂತ ಇರ್ತಾರೆ, ದೈವದ ತಂಬಿಲಕ್ಕೋ ಕೋಲಕ್ಕೋ ಮದುವೆಗೋ ಬಂದು ನಾಲ್ಕು ದಿನ ದೀಪ ಹಚ್ಚಿ ವಾಪಸ್ ಹೋಗ್ತಾರೆ. ಉಳಿದ ಮನೆಗಳಲ್ಲಿ ಅರ್ಧದಷ್ಟರಲ್ಲಿ ಎಪ್ಪತ್ತು ದಾಟಿದವ್ರೇ. ನಮ್ಮ ಮನೆಯಲ್ಲಿ ನಾನು, ಅತ್ತೆ ಮತ್ತೆ ಕಾಲೇಜಿಗೆ ಹೋಗುವ ಮಗಳು, ಗಂಡ ಮಸ್ಕತ್ತಲ್ಲಿ. ಹಾಗಾಗಿ ರಾತ್ರಿ ನಾಯಿ ಬೊಗಳಿದ್ರೆ ಎದ್ದು ಕೂತು ಕೇಳುವ ಅಭ್ಯಾಸ ನನಗೆ ತುಂಬ ವರ್ಷದಿಂದ ಉಂಟು.

2024ರ ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟಿನ ಹೊತ್ತಿಗೆ, ಆದದ್ದು ಇದು. ಅದಕ್ಕೆ ಸ್ವಲ್ಪ ದಿನ ಮೊದಲು, ಜುಲೈಯಲ್ಲಿ, ಮಂಗಳೂರಿನ ಉರ್ವ ಕಡೆ ಚಡ್ಡಿ ಗ್ಯಾಂಗಿನವ್ರು, ಅಂದ್ರೆ ಬರೀ ಚಡ್ಡಿ ಹಾಕ್ಕೊಂಡು ಬರುವ ದರೋಡೆಕೋರರು, ವಯಸ್ಸಾದ ಗಂಡ ಹೆಂಡತಿ ಇದ್ದ ಮನೆಗೆ ನುಗ್ಗಿ ದರೋಡೆ ಮಾಡಿದ್ರಲ್ಲ, ಎಲ್ಲರ ಬಾಯಲ್ಲೂ ಅದೇ ಮಾತು. ಅವತ್ತು ರಾತ್ರಿ ಮಳೆ ಅಂದ್ರೆ ಮಳೆ, ಕರೆಂಟೂ ಇಲ್ಲ. ಬೆಳಿಗ್ಗೆ ಹಾಲು ಡೈರಿಗೆ ಕೊಡ್ಲಿಕ್ಕೆ ಹೋಗುವಾಗ ನೋಡಿದ್ರೆ ನಮ್ಮ ಮೇಲಿನ ಮನೆಯ ಹಿಂದಿನ ಬಾಗಿಲು ದಾರಂದದ (ಚೌಕಟ್ಟಿನ) ಹತ್ರ ಸೀಳಿ ಹೋಗಿದೆ, ಬಚ್ಚಲು ಕೊಟ್ಟಿಗೆಯಲ್ಲಿ ಇದ್ದ ಎರಡು ತಾಮ್ರದ ಹಂಡೆ, ದೇವರ ಕೋಣೆಯ ಕಾಲುದೀಪ ಇಲ್ಲ, ಕಪಾಟಿನ ಬಟ್ಟೆ ಎಲ್ಲ ನೆಲದಲ್ಲಿ. ಬಾಗಿಲು ಮೀಂಟಿದ್ದು ಆ ಮನೆಯವ್ರದ್ದೇ ಹಾರೆಯಲ್ಲಿ, ಹಟ್ಟಿಯ ಗೋಡೆಗೆ ಒರಗಿಸಿ ಇಟ್ಟದ್ದು. ನಮಗೂ ಅವ್ರಿಗೂ ನಡುವೆ ಇರುದು ಒಂದು ತೋಡು, ಅಂದ್ರೆ ಸಣ್ಣ ಹಳ್ಳ, ಮತ್ತು ಅದನ್ನ ದಾಟುವ ಒಂದು ಸಂಕ, ಕರೆದ್ರೆ ಕೇಳುವ ದೂರ, ಆದ್ರೂ ಆ ಮಳೆಯಲ್ಲಿ ಒಂದು ಸದ್ದೂ ಕೇಳ್ಲಿಲ್ಲ. ಕರಾವಳಿಯಲ್ಲಿ ಮಳೆಗಾಲವೇ ಕಳ್ಳರ ಸೀಸನ್ ಅಂತ ಅತ್ತೆ ಯಾವಾಗ್ಲೂ ಹೇಳುದು, ಹಂಚಿನ ಮೇಲೆ ಬೀಳುವ ಮಳೆಗೆ ಬೇರೆ ಯಾವ ಶಬ್ದವೂ ಒಳಗೆ ಬರುದಿಲ್ಲ.

ಮೊದಲು 112ರ ಬಗ್ಗೆ ಹೇಳ್ತೇನೆ. ತುಂಬ ಜನ ಈಗ್ಲೂ 100ಕ್ಕೇ ಮಾಡ್ಬೇಕು ಅಂದ್ಕೊಂಡಿದ್ದಾರೆ, ಈಗ ಪೊಲೀಸ್, ಬೆಂಕಿ, ಆಂಬ್ಯುಲೆನ್ಸ್ ಎಲ್ಲದಕ್ಕೂ 112 ಒಂದೇ. ಎರಡು ರಿಂಗಿಗೆ ತೆಗೆದ್ರು, ಮರ್ಯಾದೆಯಲ್ಲಿ ಮಾತಾಡಿದ್ರು, ಅದ್ರಲ್ಲಿ ದೂರು ಇಲ್ಲ. ಆದ್ರೆ ಒಂದು ವಿಷಯ ಗೊತ್ತಿರ್ಬೇಕು, ಆ ಕರೆ ನಮ್ಮ ಸ್ಟೇಷನ್ನಿಗೆ ಹೋಗುದಿಲ್ಲ, ಕಂಟ್ರೋಲ್ ರೂಮಿಗೆ ಹೋಗಿ ಅಲ್ಲಿಂದ ಹತ್ತಿರ ಇರುವ ಗಾಡಿಗೆ ಹೋಗುದು. ಅವ್ರು ರಸ್ತೆ ಹೆಸರು ಕೇಳ್ತಾರೆ, ನಮ್ಮಲ್ಲಿ ರಸ್ತೆಗೆ ಹೆಸರೇ ಇಲ್ಲ, ನಾಗಬನ ದಾಟಿ ಎಡಕ್ಕೆ ಇಳೀಬೇಕು ಅಂದ್ರೆ ಫೋನಲ್ಲಿ ಇದ್ದ ಹುಡುಗಿಗೆ ಹೇಗೆ ಗೊತ್ತಾಗ್ಬೇಕು ಪಾಪ. ಗಾಡಿ ಬರ್ಲಿಕ್ಕೆ ನಲ್ವತ್ತು ನಿಮಿಷ, ಅದ್ರಲ್ಲಿ ಕಾಲು ಗಂಟೆ ಅವ್ರು ಗುಡ್ಡೆಯ ಆಚೆ ಬದಿ ಸುತ್ತಿದ್ದು. ಈಗ ನಾವೆಲ್ಲ ಒಂದು ಕೆಲಸ ಮಾಡಿದ್ದೇವೆ, ಪ್ರತಿ ಮನೆಯ ಮೀಟರ್ ಬೋರ್ಡಿನ ಹತ್ರ ಒಂದು ಕಾಗದ ಅಂಟಿಸಿದ್ದೇವೆ, ಅದ್ರಲ್ಲಿ ಗ್ರಾಮದ ಹೆಸರು, ವಾರ್ಡು, ಡೋರ್ ನಂಬ್ರ, ಮುಖ್ಯ ರಸ್ತೆಯಿಂದ ಹೇಗೆ ಬರ್ಬೇಕು ಅಂತ ನಾಲ್ಕು ಸಾಲು. ಗಾಬರಿಯಲ್ಲಿ ಇರುವಾಗ ನಮ್ಮದೇ ವಿಳಾಸ ಬಾಯಿಗೆ ಬರುದಿಲ್ಲ ಮಾರಾಯ್ರೆ, ಓದಿ ಹೇಳುದು ಸುಲಭ. 112ಕ್ಕೆ ಐದರಲ್ಲಿ ಮೂರೂವರೆ ಕೊಡ್ತೇನೆ.

ಸ್ಟೇಷನ್ ಕೌಂಟರಿಗೆ ಎರಡು, ಅದೂ ಕಷ್ಟದಲ್ಲಿ. "ದೊಡ್ಡದೇನೂ ಹೋಗ್ಲಿಲ್ಲ ಅಲ್ವಾ, ಹಳೇ ಪಾತ್ರೆ, ಮನೆಯವ್ರೂ ಊರಲ್ಲಿಲ್ಲ, ಸುಮ್ನೆ ಯಾಕೆ ಎಫ್‌ಐಆರ್" ಅಂತ ಶುರು ಮಾಡಿದ್ರು. ಹಳೇ ಪಾತ್ರೆ ಅಂತೆ. ಆ ಹಂಡೆ ಆ ಮನೆ ಅಜ್ಜಿಗೆ ಮದುವೆಯಲ್ಲಿ ಬಂದದ್ದು, ಬಾಣಂತಿ ಮೀಯಿಸುದು ಅದ್ರ ನೀರಲ್ಲೇ, ಆ ಮನೆಯ ಎಲ್ಲ ಮಕ್ಕಳೂ ಅದ್ರ ನೀರಲ್ಲೇ ಮಿಂದವ್ರು. ನಾನು ಜೋರು ಮಾಡ್ಲಿಲ್ಲ, ಆದ್ರೆ ಎದ್ದೂ ಬರ್ಲಿಲ್ಲ. ನಮ್ಮ ಪಂಚಾಯತ್ ಮೆಂಬರು ಜೊತೆಗೆ ಇದ್ರು, ಅವ್ರಿಗೆ ಕಾನೂನು ಸ್ವಲ್ಪ ಗೊತ್ತುಂಟು. ಬಾಗಿಲು ಒಡೆದು ಮನೆಗೆ ನುಗ್ಗಿದ್ದು ಅಂದ್ಮೇಲೆ ಎಷ್ಟು ಹೋಗಿದೆ ಅನ್ನುದು ಪ್ರಶ್ನೆಯೇ ಅಲ್ಲ, ಎಫ್‌ಐಆರ್ ಹಾಕ್ಲೇಬೇಕು. 2024 ಜುಲೈ 1ರಿಂದ ದೂರು, ತನಿಖೆ, ಕೋರ್ಟಿನ ಕ್ರಮ ಹೇಳುವ ಹಳೇ ಕಾನೂನು ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಅದ್ರ 173ನೇ ಸೆಕ್ಷನ್ ಪ್ರಕಾರ ದೂರನ್ನ ಆನ್‌ಲೈನಲ್ಲೂ ಕಳಿಸ್ಬಹುದು, ಮೂರು ದಿನದ ಒಳಗೆ ಬಂದು ಸಹಿ ಹಾಕಿದ್ರೆ ಆಯ್ತು, ಎಫ್‌ಐಆರ್ ಪ್ರತಿ ದುಡ್ಡಿಲ್ಲದೆ ಕೊಡ್ಬೇಕು, ಬೇರೆ ಸ್ಟೇಷನ್ ವ್ಯಾಪ್ತಿಯದ್ದಾದ್ರೂ ತಕೊಳ್ಳುದಿಲ್ಲ ಅಂತ ಹೇಳುವ ಹಾಗಿಲ್ಲ. ಮೇಲಿನ ಮನೆಯ ಮಗ ಮುಂಬೈಯಿಂದಲೇ ಮೇಲ್ ಮಾಡಿದ, ಮರುದಿನ ರಾತ್ರಿಯ ಬಸ್ಸಿಗೆ ಹೊರಟು ಬಂದು ಸಹಿ ಹಾಕಿದ. ಆಮೇಲೆ ಬೆರಳಚ್ಚಿನವ್ರು ಬಂದ್ರು, ಶ್ವಾನದಳವೂ ಬಂತು, ನಾಯಿ ತೋಡಿನ ತನಕ ಹೋಗಿ ನಿಂತಿತು, ನೀರು ಹರಿಯುವಲ್ಲಿ ಅದಾದ್ರೂ ಎಂತ ಮಾಡ್ಲಿಕ್ಕಾಗ್ತದೆ. ಹಂಡೆ ಇವತ್ತಿನವರೆಗೆ ಸಿಕ್ಕಿಲ್ಲ.

ಈಗ ನಾನು ಬರೀಬೇಕು ಅಂತ ಕೂತ ವಿಷಯಕ್ಕೆ ಬರ್ತೇನೆ. ಆ ಕಳ್ಳತನ ಆಗಿ ಹತ್ತು ದಿನಕ್ಕೆ ನಮ್ಮ ಬೀಟಿಗೆ ಒಬ್ರು ಕಾನ್‌ಸ್ಟೇಬಲ್ ಬಂದ್ರು, ಬಾಗಲಕೋಟೆ ಕಡೆಯವ್ರು. ಇಲ್ಲಿ ಪೊಲೀಸರಲ್ಲಿ ತುಂಬ ಜನ ಆ ಕಡೆಯವ್ರೇ, ನಮ್ಮ ಅತ್ತೆಗೆ ತುಳು ಬಿಟ್ರೆ ಬೇರೆ ಬರುದಿಲ್ಲ, ಅವ್ರಿಗೆ ತುಳು ಒಂದಕ್ಷರ ಗೊತ್ತಿಲ್ಲ, ಮೊದಲ ದಿನ ಅವ್ರು "ಅಮ್ಮಾ, ಊಟ ಆತೇನ್ರಿ" ಅಂದಾಗ ಅತ್ತೆ ನನ್ನ ಮುಖ ನೋಡಿದ್ರು. ಮೂರು ತಿಂಗಳಲ್ಲಿ ಆ ಮನುಷ್ಯ "ಒನಸ್ ಆಂಡಾ ಅಮ್ಮ" ಅಂತ ಕೇಳುವಷ್ಟು ಕಲಿತ್ರು. ವಾರಕ್ಕೆ ಎರಡು ಸಲ ಬರ್ತಿದ್ರು, ಬೈಕ್ ಶಾಲೆಯ ಹತ್ರ ನಿಲ್ಲಿಸಿ ಗದ್ದೆ ಬದಿಯಲ್ಲಿ ನಡ್ಕೊಂಡೇ. ಮೊದಲೆಲ್ಲ ಬೀಟಿನವ್ರು ಬಂದು ಗೊತ್ತು ಮಾಡಿದ ಜಾಗದಲ್ಲಿ ಇಟ್ಟ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ ಹೋಗ್ತಿದ್ರು, ಈಗ ಮೊಬೈಲಲ್ಲಿ ಆಗ್ತದೆ, ಆದ್ರೆ ಪಾಯಿಂಟಿಗೆ ಬಂದು ಹೋದದ್ದಕ್ಕೂ ಮನೆಗೆ ಬಂದು ಹೋದದ್ದಕ್ಕೂ ತುಂಬ ವ್ಯತ್ಯಾಸ ಉಂಟು. ಇವ್ರು ಜಗಲಿಯಲ್ಲಿ ಕೂರ್ತಿದ್ರು. ಬೆಲ್ಲ ನೀರು ಕುಡೀತಿದ್ರು. ಯಾವ ಮನೆಗೆ ಯಾರು ಹಾಲು ಹಾಕ್ತಾರೆ, ಅಡಿಕೆ ಯಾರ ಅಂಗಳದಲ್ಲಿ ಒಣಗ್ತಾ ಉಂಟು, ತೋಟದ ಕೆಲಸಕ್ಕೆ ಎಲ್ಲಿಂದ ಜನ ಬಂದಿದ್ದಾರೆ, ಯಾವ ಅಜ್ಜನಿಗೆ ಕಿವಿ ಕೇಳುದಿಲ್ಲ, ಎಲ್ಲ ಅವ್ರಿಗೆ ಗೊತ್ತಿತ್ತು.

ಶಾಲೆಯಲ್ಲಿ ಒಂದು ಬೀಟ್ ಸಭೆ ಮಾಡಿದ್ರು, ಮೂವತ್ತು ಜನ ಬಂದಿದ್ರು. ನಾನು ಭಾಷಣ ಇರ್ತದೆ ಅಂತ ಹೋದದ್ದು, ಆದ್ರೆ ಅವ್ರು ಮಾತಾಡುವ ಬದಲು ಒಟ್ಟಿಗೆ ನಡೆಯುವ ಅಂತ ನಮ್ಮನ್ನ ಕರ್ಕೊಂಡು ನಾಲ್ಕು ಮನೆಯ ಸುತ್ತ ಬಂದ್ರು. ಹಿತ್ತಿಲಲ್ಲಿ ಮಾವಿನ ಮರಕ್ಕೆ ಒರಗಿಸಿದ ಏಣಿ ತೋರಿಸಿದ್ರು. ಹಾರೆ, ಪಿಕಾಸು, ಕತ್ತಿ ಎಲ್ಲ ಹಟ್ಟಿಯಲ್ಲಿ ಹೊರಗೇ ಇರುದು ತೋರಿಸಿದ್ರು, ಕಳ್ಳ ಬರುವಾಗ ಕೈ ಬೀಸಿಕೊಂಡು ಬರ್ತಾನೆ, ದಾರಿಯಲ್ಲಿ ಯಾರಾದ್ರೂ ತಡೆದ್ರೆ ಸಿಕ್ಕಿಬೀಳುವಂಥದ್ದು ಹತ್ರ ಇಟ್ಕೊಳ್ಳುದಿಲ್ಲ, ಸಾಮಾನು ನೀವೇ ಕೊಡುದು ಅಂದ್ರು. ಕಾಯಿ ಕೊಯ್ಯುವ ದೋಟಿ ಕೂಡ. ಕಿಟಕಿಯಿಂದ ದೋಟಿ ಹಾಕಿ ಮೊಳೆಗೆ ನೇತುಹಾಕಿದ ಬ್ಯಾಗು, ಪ್ಯಾಂಟು ಎಳ್ಕೊಳ್ಳುದು ಹಳೇ ವಿದ್ಯೆ ಅಂತೆ, ಸೆಕೆಗೆ ಕಿಟಕಿ ತೆರೆದು ಮಲಗುವ ನಮ್ಮಂಥವ್ರ ಊರಲ್ಲಿ ಅದಕ್ಕಿಂತ ಸುಲಭ ಬೇರೆ ಇಲ್ಲ. ಊರಿಗೆ ಹೋಗುವಾಗ ಜಗಲಿ ಲೈಟ್ ಹಾಕಿ ಹೋಗ್ತೇವಲ್ಲ, ಹಗಲೂ ಉರೀತಾ ಇದ್ರೆ ಮನೆಯಲ್ಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ, ಪಕ್ಕದ ಮನೆಯವ್ರ ಹತ್ರ ಸಂಜೆ ಹಾಕಿ ಬೆಳಿಗ್ಗೆ ತೆಗೀಲಿಕ್ಕೆ ಹೇಳಿ ಅಂದ್ರು. ಅಂಗಳದಲ್ಲಿ ತರಗೆಲೆ ಬಿದ್ದು ಗುಡಿಸದೆ ಇದ್ರೂ ಗೊತ್ತಾಗ್ತದೆ. ಗೇಟಿಗೆ ಹೊರಗಿನಿಂದ ದೊಡ್ಡ ಬೀಗ ಹಾಕ್ಬೇಡಿ. ಕೀ ತುಳಸಿಕಟ್ಟೆಯ ಗೂಡಲ್ಲಿ ಇಡ್ಬೇಡಿ. ನಮ್ಮ ಕೀ ಅಲ್ಲೇ ಇರ್ತಿದ್ದದ್ದು, ಹದಿನೆಂಟು ವರ್ಷದಿಂದ.

ಸಿಸಿಟಿವಿ ವಿಷಯ. ಮುಂಬೈಯವ್ರೂ ನಾವೂ ಸೇರಿ ದುಡ್ಡು ಹಾಕಿ ನಾಲ್ಕು ಕ್ಯಾಮರಾ ಹಾಕಿಸಿದೆವು, ದೈವಸ್ಥಾನದ ಕಟ್ಟೆಯ ಹತ್ರ ಒಂದು, ಕೂಡು ರಸ್ತೆಯಲ್ಲಿ ಎರಡು, ಡೈರಿಯ ಎದುರು ಒಂದು. ಮೊದಲ ತಿಂಗಳು ಎಲ್ಲರಿಗೂ ತುಂಬ ಧೈರ್ಯ ಬಂತು. ಆಮೇಲೆ ಏಪ್ರಿಲಲ್ಲಿ ಒಂದು ಸಿಡಿಲಿಗೆ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ, ಡಿವಿಆರ್, ಹೋಯ್ತು. ಇಲ್ಲಿ ಮಳೆಗಾಲ ಶುರುವಾಗುವ ಮೊದಲು ಮತ್ತೆ ಮುಗಿಯುವ ಹೊತ್ತಿಗೆ ಗುಡುಗು ಸಿಡಿಲು ಹೇಗೆ ಇರ್ತದೆ ಅಂತ ಊರಲ್ಲಿ ಇದ್ದವ್ರಿಗೆ ಗೊತ್ತುಂಟು, ಹಾಗಾಗಿ ಗುಡುಗಿದ ಕೂಡ್ಲೇ ಪ್ಲಗ್ ತೆಗೀತೇವೆ, ಅಂದ್ರೆ ಯಾವ ರಾತ್ರಿ ಬೇಕೋ ಅದೇ ರಾತ್ರಿ ಕ್ಯಾಮರಾ ಇಲ್ಲ. ಇನ್ನೊಂದು, ರಾತ್ರಿ ಕ್ಯಾಮರಾದ ಹತ್ರ ಹುಳ ಬರ್ತದೆ, ಹುಳ ತಿನ್ಲಿಕ್ಕೆ ಜೇಡ ಬಲೆ ಕಟ್ತದೆ, ಆ ಬಲೆಗೆ ಕ್ಯಾಮರಾದ ಇನ್‌ಫ್ರಾರೆಡ್ ಬೆಳಕು ಹೊಡೆದು ಚಿತ್ರ ಪೂರಾ ಬೆಳ್ಳಗೆ, ವಾರಕ್ಕೊಮ್ಮೆ ಕೋಲಿಗೆ ಬಟ್ಟೆ ಕಟ್ಟಿ ಒರೆಸದಿದ್ರೆ ಅದು ಇದ್ದೂ ಇಲ್ಲದ ಹಾಗೆ. ಡಿವಿಆರ್ ಗಡಿಯಾರ ನಲ್ವತ್ತೇಳು ನಿಮಿಷ ಹಿಂದೆ ಇತ್ತು, ಅದನ್ನ ಕಂಡುಹಿಡಿದದ್ದೂ ಬೀಟಿನವ್ರೇ. ಒಮ್ಮೆ ಒಂದು ಬೈಕ್ ಹುಡುಕ್ಲಿಕ್ಕೆ ನೋಡುವಾಗ ಬಸ್ ಬಂದ ಟೈಮಿಗೆ ಹೊಂದುದಿಲ್ಲ ಅಂತ ಗೊತ್ತಾಯ್ತು ಅವ್ರಿಗೆ. ನಂಬರ್ ಪ್ಲೇಟ್ ಮಾತ್ರ ರಾತ್ರಿ ಹೆಡ್‌ಲೈಟಿಗೆ ಕಾಣುದೇ ಇಲ್ಲ, ಅದಕ್ಕೆ ಬೇರೆ ಕ್ಯಾಮರಾ ಬೇಕಂತೆ, ರೇಟು ಕೇಳಿ ಬಿಟ್ಟೆವು.

ಕ್ಯಾಮರಾ ಬೇಡ ಅಂತ ನಾನು ಹೇಳುದಲ್ಲ. ಆದ್ರೆ ಕ್ಯಾಮರಾ ಕಳ್ಳನನ್ನ ಹಿಡಿಯುದಿಲ್ಲ, ಜನ ಹಿಡಿಯುದು. ಆ ಚಡ್ಡಿ ಗ್ಯಾಂಗ್ ಸಿಕ್ಕಿದ್ದು ಹೇಗೆ, ಕೆಎಸ್ಸಾರ್ಟಿಸಿ ಬಸ್ಸಲ್ಲಿ ಬೆಂಗಳೂರು ಕಡೆ ಹೊರಟವ್ರನ್ನ ಬಸ್ಸಿನವ್ರ ಸಹಾಯದಲ್ಲಿ ಸಕಲೇಶಪುರದಲ್ಲೇ ಕೆಲವೇ ಗಂಟೆಯಲ್ಲಿ ಹಿಡಿದ್ರು, ಒಂದು ಜಿಲ್ಲೆಯ ಪೊಲೀಸರು ಇನ್ನೊಂದು ಜಿಲ್ಲೆಗೆ ಬೇಗ ಹೇಳಿದ್ರು, ಬಸ್ಸಿನವ್ರು ಗಮನ ಇಟ್ರು, ಅದಕ್ಕೆ ಆಯ್ತು. 2025 ಜನವರಿ 17ಕ್ಕೆ ಕೋಟೆಕಾರ್ ಸಹಕಾರಿ ಬ್ಯಾಂಕಿನ ಕೆ.ಸಿ. ರೋಡ್ ಶಾಖೆಗೆ ಶುಕ್ರವಾರ ಹಾಡಹಗಲು ಆಯುಧ ಹಿಡ್ಕೊಂಡು ನುಗ್ಗಿದ್ರಲ್ಲ, ರಾತ್ರಿ ಮಾತ್ರ ಹೆದರ್ಬೇಕು ಅಂತ ಅಂದ್ಕೊಂಡಿದ್ದವ್ರಿಗೆಲ್ಲ ಅದು ದೊಡ್ಡ ಹೊಡೆತ. ನಮ್ಮ ಸೊಸೈಟಿಯವ್ರು ಮರುದಿನವೇ ಬೀಟಿನವ್ರನ್ನ ಕರೆಸಿ ಬಾಗಿಲು, ಅಲಾರಾಂ ಎಲ್ಲ ತೋರಿಸಿದ್ರು.

ವಾಟ್ಸಾಪ್ ಗ್ರೂಪಿನ ಬಗ್ಗೆ ಹೇಳದಿದ್ರೆ ಈ ರಿವ್ಯೂ ಅರ್ಧ ಆಗ್ತದೆ, ಯಾಕಂದ್ರೆ ನಾನು ಆ ಬೀಟಿನವ್ರನ್ನ ನಿಜಕ್ಕೂ ಗೌರವಿಸ್ಲಿಕ್ಕೆ ಶುರು ಮಾಡಿದ್ದು ಅಲ್ಲಿಂದ. ಒಂದು ದಿನ ಮಧ್ಯಾಹ್ನ ಯಾರೋ ಒಬ್ಬ ಬೆಡ್‌ಶೀಟ್ ಮಾರುವ ಹುಡುಗನ ಫೋಟೋ ಹಾಕಿ "ಕಳ್ಳರ ಗ್ಯಾಂಗ್ ಬಂದಿದೆ, ಕಂಡಲ್ಲಿ ಹಿಡೀರಿ" ಅಂತ ಬರೆದ್ರು. ಹತ್ತು ನಿಮಿಷದಲ್ಲಿ ಮೂರು ಗ್ರೂಪಿಗೆ ಹೋಯ್ತು, ನಾಲ್ಕು ಜನ ಬೈಕಲ್ಲಿ ಹೊರಟೇಬಿಟ್ರು. ಬೀಟಿನವ್ರು ಗ್ರೂಪಲ್ಲಿ ಇದ್ರು, ಆ ಹೊತ್ತಿಗೆ ಡ್ಯೂಟಿ ಬೇರೆ ಕಡೆ ಇತ್ತು, ಆದ್ರೂ ಹೊರಟವ್ರಿಗೆ ಒಬ್ಬೊಬ್ರಿಗೂ ಫೋನ್ ಮಾಡಿ ನಿಲ್ಲಿಸಿದ್ರು, ಆಮೇಲೆ ಬಂದು ಆ ಹುಡುಗನ ಆಧಾರ್ ನೋಡಿ, ಅವನ ಮಾಲೀಕನಿಗೆ ಮಾತಾಡಿ, ಡೈರಿ ಎದುರು ಕೂರಿಸಿ ಚಾ ಕೊಡಿಸಿ ಕಳಿಸಿದ್ರು. ಆ ಹುಡುಗ ಹತ್ತೊಂಬತ್ತು ವರ್ಷದವ, ಕೈ ನಡುಗ್ತಾ ಇತ್ತು, ಚಾ ಚೆಲ್ಲಿದ್ದು ನಾನು ನೋಡಿದ್ದೇನೆ. ಸಂಜೆ ಗ್ರೂಪಲ್ಲಿ ಅವ್ರು ಹಾಕಿದ ವಾಯ್ಸ್ ಮೆಸೇಜ್ ಈಗ್ಲೂ ನನ್ನ ಫೋನಲ್ಲಿ ಉಂಟು. 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ಬಂದ ಸುಳ್ಳಿಗೆ ಹೈದರಾಬಾದಿನ ಒಬ್ಬ ಇಂಜಿನಿಯರನ್ನ ಹೊಡೆದು ಕೊಂದ್ರು, ಅವತ್ತು ಮೆಸೇಜ್ ಕಳಿಸಿದವ್ರಿಗೂ ತಾವು ಊರಿಗೆ ಒಳ್ಳೇದು ಮಾಡ್ತಿದ್ದೇವೆ ಅಂತಲೇ ಅನಿಸಿತ್ತು ಅಂತ ಹೇಳಿದ್ರು. ಆ ಬೆಡ್‌ಶೀಟ್ ಹುಡುಗನ ವಿಷಯ ಆಗಿ ಸ್ವಲ್ಪ ತಿಂಗಳಿಗೆ, 2025ರ ಮಾರ್ಚಲ್ಲಿ, ನಮ್ಮದೇ ಮಲ್ಪೆ ಬಂದರಲ್ಲಿ ಮೀನು ಕದ್ದಳು ಅಂತ ಒಬ್ಬ ಹೆಂಗಸನ್ನ ಮರಕ್ಕೆ ಕಟ್ಟಿ ಹೊಡೆದ ವೀಡಿಯೋ ಬಂತು, ಕೇಸ್ ಆಯ್ತು, ಹೊಡೆದವ್ರು ಅರೆಸ್ಟ್ ಆದ್ರು. ಆ ವೀಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ, ಆ ಬೆಡ್‌ಶೀಟ್ ಹುಡುಗನೇ ಕಣ್ಣ ಮುಂದೆ. ಈಗ ನಮ್ಮ ಗ್ರೂಪಿನ ನಿಯಮ ಏನಂದ್ರೆ ಫೋಟೋ ಗ್ರೂಪಿಗೆ ಹಾಕುವ ಹಾಗಿಲ್ಲ, ಸಂಶಯ ಇದ್ರೆ ಬೀಟಿನವ್ರ ನಂಬರಿಗೆ ಮಾತ್ರ.

ಸೈಬರಿಂದು ಚಿಕ್ಕದಾಗಿ ಹೇಳ್ತೇನೆ. ಬಾಗಿಲು ಒಡೆದು ಬರುವವ್ರಿಗಿಂತ ಫೋನಲ್ಲಿ ಬರುವವ್ರು ಜಾಸ್ತಿ ತಕೊಂಡು ಹೋಗ್ತಿದ್ದಾರೆ. ಕೆಳಗಿನ ಮನೆಯ ರಿಟೈರ್ಡ್ ಮೇಷ್ಟ್ರಿಗೆ ಸಿಬಿಐ ಅಂತ ವೀಡಿಯೋ ಕಾಲ್ ಬಂತು, ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕೋಣೆ ಬಿಟ್ಟು ಹೊರಗೆ ಬರ್ಬಾರ್ದು ಅಂತ. ಬೀಟ್ ಸಭೆಯಲ್ಲಿ ಅಂಥ ಅರೆಸ್ಟ್ ಯಾವ ಕಾನೂನಲ್ಲೂ ಇಲ್ಲ ಅಂತ ಹೇಳಿದ್ದು ಅವ್ರ ಹೆಂಡತಿಗೆ ನೆನಪಿತ್ತು, ಅವ್ರು ಫೋನ್ ಕಿತ್ಕೊಂಡು ಬಂದ್ ಮಾಡಿದ್ರು, ಆದ್ರೆ ಅಷ್ಟರಲ್ಲಿ ಒಂದು ಸಲ ದುಡ್ಡು ಹೋಗಿತ್ತು. ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರಿಂದ ಅದ್ರಲ್ಲಿ ದೊಡ್ಡ ಪಾಲು ಆ ಬದಿಯ ಖಾತೆಯಲ್ಲೇ ತಡೆಹಿಡಿದ್ರು. ಬ್ಯಾಂಕಿಗೆ ಹೋಗಿ ಸಾಲಲ್ಲಿ ನಿಲ್ಲುವ ಮೊದಲು 1930, ಇದನ್ನ ಮನೆಯ ಹಿರಿಯರಿಗೆ ಬಾಯಿಪಾಠ ಮಾಡಿಸಿ.

2025ರ ಮೇ ತಿಂಗಳಲ್ಲಿ ಆ ಕಾನ್‌ಸ್ಟೇಬಲಿಗೆ ವರ್ಗ ಆಯ್ತು. ನನ್ನ ದೊಡ್ಡ ದೂರು ಇರುದು ಇಲ್ಲಿ, ಅದು ಅವ್ರ ಮೇಲಲ್ಲ, ಹೊಸಬ್ರ ಮೇಲೂ ಅಲ್ಲ. ಹೋಗುವವ್ರು ಬರುವವ್ರನ್ನ ಕರ್ಕೊಂಡು ಒಂದು ದಿನ ಊರು ಸುತ್ತಿಸುವ ಕ್ರಮವೇ ಇಲ್ಲ. ಹತ್ತು ತಿಂಗಳಲ್ಲಿ ಒಬ್ಬ ಮನುಷ್ಯನ ತಲೆಯಲ್ಲಿ ತುಂಬಿದ ಊರು ಒಂದು ಆರ್ಡರಿಗೆ ಖಾಲಿ ಆಯ್ತು. ಹೊಸಬ್ರು ಒಳ್ಳೆಯವ್ರೇ, ಆದ್ರೆ ಅವ್ರಿಗೆ ಎರಡು ಬೀಟು, ಮೇಲಿಂದ ಬಂದೋಬಸ್ತ್. ಉಡುಪಿಯಲ್ಲಿ ಅಷ್ಟಮಿ ವಿಟ್ಲಪಿಂಡಿ ಆದ್ರೆ ಅಲ್ಲಿಗೆ, ಮಠದ ಪರ್ಯಾಯ ಉತ್ಸವ ಬಂದ್ರೆ ಅಲ್ಲಿಗೆ, ಮಂತ್ರಿ ಬಂದ್ರೆ ಅಲ್ಲಿಗೆ. ಜೂನ್, ಜುಲೈ ಎರಡು ತಿಂಗಳು ನಮ್ಮ ಬೈಲಿಗೆ ಯಾರೂ ಕಾಲಿಡ್ಲಿಲ್ಲ, ಗ್ರೂಪಲ್ಲಿ ಬರೀ ಗುಡ್ ಮಾರ್ನಿಂಗ್ ಹೂವು, ಎರಡು ಪಂಪ್‌ಸೆಟ್ಟಿನ ಕೇಬಲ್ ಹೋಯ್ತು, ಒಂದು ದೈವಸ್ಥಾನದ ಕಾಣಿಕೆ ಡಬ್ಬಿ ಹೋಯ್ತು. ಹಿಂದಿನವ್ರು ಇದ್ದಾಗ ಅಷ್ಟು ತಿಂಗಳಲ್ಲಿ ಒಂದೂ ಹೋಗಿರ್ಲಿಲ್ಲ. ಅವ್ರು ಕಾವಲು ನಿಂತದ್ದಕ್ಕೆ ಹೋಗ್ಲಿಲ್ಲ ಅಂತ ನಾನು ಹೇಳುದಿಲ್ಲ, ಅವ್ರು ಬರ್ತಾರೆ ಅಂತ ಗೊತ್ತಿದ್ದದ್ದಕ್ಕೆ ನಾವು ನಾವೇ ಒಬ್ರಿಗೊಬ್ರು ಫೋನ್ ಮಾಡ್ತಿದ್ದೆವು, ಏಣಿ ಒಳಗೆ ಇಡ್ತಿದ್ದೆವು, ಅವ್ರು ಹೋದ ಮೇಲೆ ಅದೂ ನಿಂತಿತು.

2025ರ ಜುಲೈಯಲ್ಲಿ ಸರ್ಕಾರ "ಮನೆ ಮನೆಗೆ ಪೊಲೀಸ್" ಅಂತ ಶುರು ಮಾಡಿತು, ಪೊಲೀಸರೇ ಮನೆಮನೆಗೆ ಬಂದು ವಿಚಾರಿಸುವ ಕಾರ್ಯಕ್ರಮ. ನಮ್ಮಲ್ಲಿಗೂ ಬಂದ್ರು, ಮನೆಯಲ್ಲಿ ಎಷ್ಟು ಜನ, ಫೋನ್ ನಂಬರ್, ಏನಾದ್ರೂ ತೊಂದರೆ ಉಂಟಾ ಅಂತ ಬರ್ಕೊಂಡು ಹೋದ್ರು. ಆಲೋಚನೆ ನನಗೆ ತುಂಬ ಇಷ್ಟ ಆಯ್ತು. ಆದ್ರೆ ಪುಸ್ತಕದಲ್ಲಿ ಬರೆದದ್ದಕ್ಕೆ ಜೀವ ಬರ್ಬೇಕಾದ್ರೆ ಅದೇ ಮುಖ ಎರಡನೇ ಸಲ, ಮೂರನೇ ಸಲ ಬರ್ಬೇಕು. ಒಬ್ರು ಮಹಿಳಾ ಕಾನ್‌ಸ್ಟೇಬಲ್ ತಿಂಗಳಿಗೆ ಒಮ್ಮೆಯಾದ್ರೂ ಜೊತೆಗೆ ಬಂದ್ರೆ ಇನ್ನೂ ಒಳ್ಳೇದು, ಕುಡಿದು ಬಂದು ಹೊಡೆಯುವ ಮಗನ ಬಗ್ಗೆ ಒಬ್ಬ ತಾಯಿ ಗಂಡಸು ಪೊಲೀಸಿನ ಎದುರು ಬಾಯಿ ಬಿಡುದಿಲ್ಲ, ನಮ್ಮ ಬೈಲಲ್ಲಿ ಅಂಥ ತಾಯಿ ಇದ್ದಾರೆ. ಹಾಗೆಯೇ ಬೀಟಿನವ್ರ ಸ್ವಂತ ನಂಬರ್ ಬದಲು ಬೀಟಿಗೇ ಒಂದು ಸಿಮ್ ಕೊಡ್ಲಿ, ಮನುಷ್ಯ ಬದಲಾದ್ರೂ ಅಜ್ಜಿಯರ ಡೈರಿಯಲ್ಲಿ ಬರೆದಿಟ್ಟ ನಂಬರ್ ಬದಲಾಗ್ಬಾರ್ದು.

ಆ ಬಾಗಲಕೋಟೆಯವ್ರಿಗೆ ಐದಕ್ಕೆ ಐದು, ಬೀಟ್ ವ್ಯವಸ್ಥೆಗೆ ಈಗಿನ ಲೆಕ್ಕದಲ್ಲಿ ಮೂರು.

ಮನೆಗೆ ಬೀಗ ಹಾಕಿ ಹೋಗುವವ್ರು ಒಂದು ಕೆಲಸ ಮಾಡಿ, ಬಾಯಲ್ಲಿ ಹೇಳಿ ಹೋಗ್ಬೇಡಿ. ಒಂದು ಬಿಳಿ ಹಾಳೆಯಲ್ಲಿ ಹೋಗುವ ದಿನ, ಬರುವ ದಿನ, ಮನೆ ಎಲ್ಲಿ, ಕೀ ಯಾರ ಹತ್ರ, ಅವ್ರ ಫೋನ್ ನಂಬರ್, ತೋಟಕ್ಕೆ ಕೆಲಸಕ್ಕೆ ಬರುವವ್ರು ಯಾರು ಅಂತ ಬರೆದು ಸ್ಟೇಷನ್ನಿಗೆ ಕೊಟ್ಟು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿ ತಕೊಳ್ಳಿ. ಸೀಲ್ ಹಾಕುದಿಲ್ಲ ಅಂತ ಹೇಳಿದ್ರೂ ಕೂತು ಕಾಯಿರಿ, ಅರ್ಧ ಗಂಟೆಯಲ್ಲಿ ಹಾಕ್ತಾರೆ. ಮೇಲಿನ ಮನೆಯವ್ರು ಮೊನ್ನೆ ಕೋಲ ಮುಗಿಸಿ ನಾಡಿದ್ದು ಮುಂಬೈಗೆ ಹೊರಡುದು, ಕಾಗದ ಕೊಟ್ಟಾಗಿದೆ, ಹಿಂದಿನ ಬಾಗಿಲಿಗೆ ಕಬ್ಬಿಣದ ಪಟ್ಟಿ ಹಾಕಿಸಿದ್ದಾರೆ, ಹಾರೆ ಪಿಕಾಸು ಎಲ್ಲ ತಂದು ನಮ್ಮ ಉಗ್ರಾಣದಲ್ಲಿ ಇಟ್ಟಿದ್ದಾರೆ. ಸಂಜೆ ಲೈಟ್ ಹಾಕುವ ಕೆಲಸ ಈ ಸಲ ನನ್ನ ಮಗಳದ್ದು.